ಕಚೇರಿ ಕೆಲಸಕ್ಕೆ ವರ್ಡ್ ಕಲಿಯಬೇಕಾಗಿದೆ: ಮೊದಲು ಏನನ್ನು ಕಲಿಯಲಿ?

ಪ್ರಶ್ನೆ: ಕಚೇರಿ ಸಹಾಯಕಿ, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ಒಂದು ವಸತಿ ಸಹಕಾರ ಸಂಘದ ಕಚೇರಿಯಲ್ಲಿ ನಾನು 2 ತಿಂಗಳಿನಿಂದ ಸಹಾಯಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಮದುವೆಗೆ ಮುಂಚೆ ಕನ್ನಡ ಬೆರಳಚ್ಚಿನ ಜೂನಿಯರ್ ಪರೀಕ್ಷೆ ಮುಗಿಸಿದ್ದೆ; ಆಮೇಲೆ 18 ವರ್ಷ ಮನೆ, ಮಕ್ಕಳು, ಅತ್ತೆಯವರ ಆರೈಕೆ ಎಂದು ಕಳೆದು, ಮಗಳು ಪಿಯುಸಿಗೆ ಸೇರಿದ ಮೇಲೆ ಮತ್ತೆ ಹೊರಗೆ ದುಡಿಯಲು ಬಂದಿದ್ದೇನೆ. ಪತ್ರಗಳು, ಸದಸ್ಯರಿಗೆ ನೋಟಿಸು, ಆಡಳಿತ ಮಂಡಳಿ ಸಭೆಯ ನಡಾವಳಿ, ಬಾಕಿದಾರರ ಪಟ್ಟಿ, ಇವೆಲ್ಲವನ್ನೂ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸಿದ್ಧಪಡಿಸುವುದು ನನ್ನ ಕೆಲಸ. ಟೈಪ್ ಮಾಡುವುದು ನನಗೆ ಕಷ್ಟವಲ್ಲ. ಟೈಪ್ ಮಾಡಿದ್ದು ಇಟ್ಟ ಜಾಗದಲ್ಲಿ ನಿಲ್ಲುವುದಿಲ್ಲ ಎಂಬುದೇ ನನ್ನ ತೊಂದರೆ.

ಕಳೆದ ವಾರ ವಾರ್ಷಿಕ ಮಹಾಸಭೆಯ ನೋಟಿಸನ್ನು ಸಿದ್ಧಪಡಿಸಿದೆ. ಎಡಕ್ಕೆ ಪತ್ರದ ಸಂಖ್ಯೆ, ಅದೇ ಸಾಲಿನ ಬಲತುದಿಗೆ ದಿನಾಂಕ, ಕೆಳಗೆ ವಿಷಯ, ಉಲ್ಲೇಖ, ಕೊನೆಯಲ್ಲಿ ಬಲಕ್ಕೆ ಕಾರ್ಯದರ್ಶಿಯವರ ಸಹಿಯ ಜಾಗ. ಸ್ಪೇಸ್‌ಬಾರ್ ಒತ್ತಿ ಒತ್ತಿ ಎಲ್ಲವನ್ನೂ ಅಂದವಾಗಿ ಹೊಂದಿಸಿದ್ದೆ. ವಯಸ್ಸಾದ ಸದಸ್ಯರಿಗೆ ಓದಲು ಅನುಕೂಲವಾಗಲಿ ಎಂದು ಕಾರ್ಯದರ್ಶಿಯವರು ಅಕ್ಷರದ ಗಾತ್ರವನ್ನು 12ರಿಂದ 14ಕ್ಕೆ ಏರಿಸಿದ ತಕ್ಷಣ ದಿನಾಂಕದ ಅರ್ಧ ಭಾಗ ಕೆಳಗಿನ ಸಾಲಿಗೆ ಬಿತ್ತು, ಸಹಿಯ ಜಾಗ ಪುಟದ ಅಂಚಿನಿಂದ ಒಳಗೆ ಮಡಚಿಕೊಂಡಿತು, ಪಟ್ಟಿಯ ಅಂಕಣಗಳು ಚೆದುರಿಹೋದವು. ಅಂದು ರಾತ್ರಿ 8 ಗಂಟೆಯವರೆಗೆ ಕುಳಿತು ಎಲ್ಲವನ್ನೂ ಮತ್ತೆ ಸರಿಪಡಿಸಿದೆ.

ನನಗೆ ದಿನಕ್ಕೆ ಸಿಗುವುದು ಸಂಜೆಯ ಒಂದು ಗಂಟೆ ಮಾತ್ರ. ಹತ್ತಿರದ ಒಂದು ತರಬೇತಿ ಕೇಂದ್ರದಲ್ಲಿ 3 ತಿಂಗಳ ಕೋರ್ಸ್ ಇದೆ ಎನ್ನುತ್ತಾರೆ. ಅಲ್ಲಿ ಮೆನುವಿನ ಎಡತುದಿಯಿಂದ ಬಲತುದಿಯವರೆಗೆ ಒಂದೊಂದೇ ಗುಂಡಿಯನ್ನು ಹೇಳಿಕೊಡುತ್ತಾರಂತೆ. ಅದಕ್ಕೆ ಸೇರಬೇಕೇ, ಅಥವಾ ನಾನೇ ಕಲಿಯಬಹುದೇ? ಕಲಿಯುವುದಾದರೆ ಯಾವುದು ಮೊದಲು, ಯಾವುದು ಆಮೇಲೆ? ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್‌ನಲ್ಲಿ ವರ್ಡ್ ಇಲ್ಲ. ಕಚೇರಿಯ ಹಳೆಯ ಕಡತಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಇವೆ ಎಂಬುದನ್ನೂ ತಿಳಿಸಬೇಕು. ಅನುಭವವಿದ್ದವರು ದಯವಿಟ್ಟು ದಾರಿ ತೋರಿಸಿ.

ಉತ್ತರ 1: ನಿವೃತ್ತ ಬೆರಳಚ್ಚುಗಾರ, ಬಸವನಗುಡಿ

ಸಹೋದರಿ, ನಿಮ್ಮ ತೊಂದರೆಯನ್ನು ಓದಿದಾಗ ನನ್ನದೇ ಹಳೆಯ ದಿನಗಳು ಎದುರಿಗೆ ಬಂದವು. 22 ವರ್ಷ ಟೈಪ್‌ರೈಟರ್ ಮುಂದೆ ಕುಳಿತು, ಆಮೇಲೆ ಕಂಪ್ಯೂಟರ್‌ಗೆ ಬಂದವನು ನಾನು. ನಿಮ್ಮ ಬೆರಳುಗಳಲ್ಲಿ ದೋಷವಿಲ್ಲ; ಅವು ಕಲಿತ ಯಂತ್ರ ಬೇರೆ, ಈಗ ಕೈಯಲ್ಲಿರುವ ಯಂತ್ರ ಬೇರೆ.

ಟೈಪ್‌ರೈಟರ್‌ನಲ್ಲಿ ಒಂದು ಕೀಲಿ ಒತ್ತಿದರೆ ಕ್ಯಾರೇಜ್ ಪ್ರತಿಸಲವೂ ಒಂದೇ ಅಳತೆಯಷ್ಟು ಸರಿಯುತ್ತಿತ್ತು. 40 ಸಲ ಸ್ಪೇಸ್ ಒತ್ತಿದರೆ ಯಾವ ಪತ್ರದಲ್ಲಾದರೂ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದೆವು, ಆದ್ದರಿಂದ ಎಣಿಸುವುದೇ ನಮ್ಮ ವಿದ್ಯೆಯಾಗಿತ್ತು. ಕಂಪ್ಯೂಟರ್‌ನ ಅಕ್ಷರವಿನ್ಯಾಸಗಳಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಅಗಲವಿರುತ್ತದೆ. ‘ರ’ ಕಿರಿದು, ‘ಯ’ ಅಗಲ. ಗಾತ್ರ ಬದಲಾದರೆ ಅಕ್ಷರಗಳ ಜೊತೆಗೆ ಖಾಲಿ ಜಾಗವೂ ಹಿಗ್ಗುತ್ತದೆ. ನೀವು ಒತ್ತಿದ 40 ಸ್ಪೇಸ್‌ಗಳು ಪುಟದ ಮೇಲಿನ ಒಂದು ಸ್ಥಳವನ್ನು ಸೂಚಿಸುವುದಿಲ್ಲ. ಅವು ಕಣ್ಣಿಗೆ ಕಾಣದ 40 ಅಕ್ಷರಗಳು, ಅಷ್ಟೇ. ನಿಮ್ಮ ನೋಟಿಸು ಚೆದುರಿದ್ದು ಇದೇ ಕಾರಣಕ್ಕೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ಈ ಕಾಣದ ಅಕ್ಷರಗಳನ್ನು ಕಾಣುವಂತೆ ಮಾಡಿಕೊಳ್ಳಿ. ಹೋಮ್ ಪಟ್ಟಿಯಲ್ಲಿ ಪಿ ಅಕ್ಷರವನ್ನು ತಿರುಗಿಸಿ ಬರೆದಂತಿರುವ ಒಂದು ಗುರುತಿದೆ. ಅದನ್ನು ಒತ್ತಿ, ಅಥವಾ ಕಂಟ್ರೋಲ್, ಶಿಫ್ಟ್ ಮತ್ತು 8 ಈ ಮೂರನ್ನೂ ಒಟ್ಟಿಗೆ ಒತ್ತಿ. ಆಗ ಪ್ರತಿ ಸ್ಪೇಸ್ ಒಂದು ಚುಕ್ಕಿಯಾಗಿ, ಪ್ರತಿ ಟ್ಯಾಬ್ ಒಂದು ಬಾಣವಾಗಿ, ಪ್ರತಿ ಎಂಟರ್ ಅದೇ ತಿರುಗಿಸಿದ ಪಿ ಆಗಿ ಕಾಣಿಸುತ್ತದೆ. ನಿಮ್ಮ ಹಳೆಯ ನೋಟಿಸನ್ನು ತೆರೆದು ಹೀಗೆ ನೋಡಿ. ಎಲ್ಲೆಲ್ಲಿ ಎರಡು ಚುಕ್ಕಿಗಳು ಅಕ್ಕಪಕ್ಕದಲ್ಲಿ ಕಾಣುತ್ತವೆಯೋ, ಎಲ್ಲೆಲ್ಲಿ ಖಾಲಿ ಸಾಲುಗಳ ತುದಿಯಲ್ಲಿ ಪಿಗಳು ಸಾಲುಗಟ್ಟಿವೆಯೋ ಅಲ್ಲೆಲ್ಲ ಮುಂದೊಂದು ದಿನ ಕುಸಿಯುವ ಜಾಗವಿದೆ ಎಂದು ತಿಳಿಯಬೇಕು. ಎಂಟರ್ ಕೀಲಿಯನ್ನು ಸಾಲಿನ ಕೊನೆಯಲ್ಲಿ ಒತ್ತುವ ಅಭ್ಯಾಸವಿದ್ದರೆ ಅದನ್ನೂ ಇಂದೇ ಬಿಡಿ. ಸಾಲು ತಾನಾಗಿಯೇ ಮುರಿಯುತ್ತದೆ. ಎಂಟರ್ ಎಂದರೆ ಪ್ಯಾರಾ ಮುಗಿಯಿತು ಎಂದರ್ಥ.

ಇನ್ನು ಅದೇ ನೋಟಿಸನ್ನು ಹೊಸದಾಗಿ ಕಟ್ಟುವುದು ಹೇಗೆ ಎಂದು ಹೇಳುತ್ತೇನೆ. ಎ4 ಕಾಗದದ ಅಗಲ 210 ಮಿಲಿಮೀಟರ್. ಎರಡೂ ಕಡೆ 25.4 ಮಿಲಿಮೀಟರ್, ಅಂದರೆ ಒಂದೊಂದು ಇಂಚಿನ ಮಾರ್ಜಿನ್ ಬಿಟ್ಟರೆ ಬರೆಯಲು ಉಳಿಯುವುದು 159 ಮಿಲಿಮೀಟರ್. ಮೊದಲ ಸಾಲಿನಲ್ಲಿ ಪತ್ರದ ಸಂಖ್ಯೆಯನ್ನು ಬರೆದು, ಒಂದೇ ಒಂದು ಸಲ ಟ್ಯಾಬ್ ಒತ್ತಿ ದಿನಾಂಕವನ್ನು ಬರೆಯಿರಿ. ಆಮೇಲೆ ಮೇಲಿರುವ ರೂಲರ್‌ನ ಎಡತುದಿಯ ಸಣ್ಣ ಚೌಕವನ್ನು ಬಲ ಟ್ಯಾಬ್‌ನ ಗುರುತು ಬರುವವರೆಗೆ ಒತ್ತಿ, ರೂಲರ್ ಮೇಲೆ 15.9 ಸೆಂಟಿಮೀಟರ್ ಹತ್ತಿರ ಒಮ್ಮೆ ಕ್ಲಿಕ್ ಮಾಡಿ. ದಿನಾಂಕದ ಕೊನೆಯ ಅಂಕಿ ಬಲ ಮಾರ್ಜಿನ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಇನ್ನು ಗಾತ್ರವನ್ನು 14 ಮಾಡಿದರೂ, 16 ಮಾಡಿದರೂ ಅದು ಅಲ್ಲಿಂದ ಕದಲುವುದಿಲ್ಲ.

‘ವಿಷಯ’ ಮತ್ತು ‘ಉಲ್ಲೇಖ’ದ ಸಾಲುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಷಯವು ಎರಡು ಸಾಲಾದರೆ, ಎರಡನೆಯ ಸಾಲು ‘ವಿಷಯ’ ಎಂಬ ಪದದ ಕೆಳಗೆ ಬರಬಾರದು. ಮೊದಲ ಸಾಲಿನ ಒಕ್ಕಣೆ ಎಲ್ಲಿ ಆರಂಭವಾಗಿದೆಯೋ ಅದರ ನೇರಕ್ಕೆ ಬರಬೇಕು. ನಾವೆಲ್ಲ ಇದನ್ನು ಸ್ಪೇಸ್ ಹಾಕಿಯೇ ಮಾಡುತ್ತಿದ್ದೆವು. ಈಗ ‘ವಿಷಯ:’ ಎಂದು ಬರೆದು ಒಂದು ಟ್ಯಾಬ್ ಒತ್ತಿ, ಒಕ್ಕಣೆಯನ್ನು ನಿಲ್ಲಿಸದೆ ಬರೆಯುತ್ತಾ ಹೋಗಿ. ಕೆಳಗೆ ‘ಉಲ್ಲೇಖ:’ ಎಂಬುದನ್ನೂ ಹಾಗೆಯೇ ಬರೆಯಿರಿ. ಎರಡೂ ಪ್ಯಾರಾಗಳನ್ನು ಒಟ್ಟಿಗೆ ಗುರುತಿಸಿ, ಪ್ಯಾರಾಗ್ರಾಫ್ ಪೆಟ್ಟಿಗೆಯಲ್ಲಿ ಹ್ಯಾಂಗಿಂಗ್ ಎಂಬುದನ್ನು ಆರಿಸಿ 2.5 ಸೆಂಟಿಮೀಟರ್ ಕೊಡಿ. ವಿಷಯ, ಉಲ್ಲೇಖ ಎಂಬ ಪದಗಳ ಅಗಲ ಬೇರೆ ಬೇರೆಯಾದರೂ ಒಕ್ಕಣೆಗಳು ಒಂದೇ ಗೆರೆಗೆ ಬಂದು ನಿಲ್ಲುವುದನ್ನು ಕಣ್ಣಾರೆ ನೋಡಿದಾಗ ನಿಮಗೆ ಆಗುವ ಸಂತೋಷ ಎಷ್ಟೆಂದು ನನಗೆ ಗೊತ್ತು.

ಸಹಿಯ ಭಾಗಕ್ಕೆ, ‘ತಮ್ಮ ವಿಶ್ವಾಸಿ’, ಸಹಿಗೆ ಬಿಡುವ ಜಾಗ, ‘ಕಾರ್ಯದರ್ಶಿ’ ಎಂಬ ಪದ, ಇಷ್ಟನ್ನೂ ಗುರುತಿಸಿ ಎಡ ಇಂಡೆಂಟನ್ನು, ಅಂದರೆ ಎಡ ಮಾರ್ಜಿನ್‌ನಿಂದ ಒಳಗೆ ಬಿಡುವ ಜಾಗವನ್ನು, 9 ಸೆಂಟಿಮೀಟರ್ ಮಾಡಿ, ಆಮೇಲೆ ಕಂಟ್ರೋಲ್ ಮತ್ತು ಇ ಒತ್ತಿ. ಪುಟದ ಬಲಭಾಗದಲ್ಲಿ ಆ ಸಾಲುಗಳು ಒಂದರ ಕೆಳಗೊಂದು ನಡುವಿಗೆ ಬಂದು ಕೂರುತ್ತವೆ. ಸಹಿಯ ಜಾಗಕ್ಕಾಗಿ ಮೂರು ನಾಲ್ಕು ಎಂಟರ್ ಹಾಕುವ ಬದಲು, ‘ಕಾರ್ಯದರ್ಶಿ’ ಎಂಬ ಪ್ಯಾರಾದ ಮೇಲೆ 42 ಪಾಯಿಂಟ್ ಅಂತರ ಕೊಡಿ. 72 ಪಾಯಿಂಟ್‌ಗೆ ಒಂದು ಇಂಚು, ಆದ್ದರಿಂದ ಅದು ಸುಮಾರು ಒಂದೂವರೆ ಸೆಂಟಿಮೀಟರ್ ಆಗುತ್ತದೆ.

ಮೊದಲ ಎರಡು ವಾರ ಬೇರೇನನ್ನೂ ಕಲಿಯಬೇಡಿ. ಈ ಒಂದೇ ಪತ್ರವನ್ನು ದಿನವೂ ಖಾಲಿ ಪುಟದಿಂದ ಕಟ್ಟಿ, ಅಳಿಸಿ, ಮತ್ತೆ ಕಟ್ಟಿ. ಚಿತ್ರ ಸೇರಿಸುವುದು, ಬಣ್ಣದ ಅಕ್ಷರ, ಅಲಂಕಾರದ ಅಂಚು, ಇವೆಲ್ಲವನ್ನು ಕೋರ್ಸ್‌ಗಳಲ್ಲಿ ಮೊದಲು ತೋರಿಸುತ್ತಾರೆ, ಏಕೆಂದರೆ ಅವು ನೋಡಲು ಚೆನ್ನ. ಕಚೇರಿಯಲ್ಲಿ ಅವುಗಳಿಂದ ಉಪಯೋಗ ಬಹಳ ಕಡಿಮೆ.

ಉತ್ತರ 2: ಅನುವಾದಕಿ, ಜಯನಗರ

ಹಿರಿಯರು ಹೇಳಿದ್ದೆಲ್ಲವೂ ಸರಿ, ಆದರೆ ಕ್ರಮದ ವಿಚಾರದಲ್ಲಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ಮೇಡಂ, ನಿಮ್ಮ ಹಳೆಯ ಕಡತಗಳು ನುಡಿಯಲ್ಲಿವೆ ಎಂದಿದ್ದೀರಿ. ಪತ್ರ ಕಟ್ಟುವ ಅಭ್ಯಾಸಕ್ಕೆ ಕೂರುವ ಮುನ್ನವೇ ನೀವು ಯಾವ ಸಂಕೇತದಲ್ಲಿ, ಅಂದರೆ ಅಕ್ಷರಗಳನ್ನು ಕಂಪ್ಯೂಟರ್ ತನ್ನೊಳಗೆ ಇಟ್ಟುಕೊಳ್ಳುವ ಯಾವ ವಿಧಾನದಲ್ಲಿ, ಟೈಪ್ ಮಾಡುತ್ತಿದ್ದೀರಿ ಎಂಬುದನ್ನು ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಅಷ್ಟು ಶ್ರಮಪಟ್ಟು ಕಟ್ಟಿದ ಪತ್ರವನ್ನು ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ತೆರೆದಾಗ ಕನ್ನಡವೇ ಕಾಣದೆ ಹೋಗಬಹುದು.

ಪರೀಕ್ಷಿಸುವ ವಿಧಾನ ಸುಲಭ. ಹಳೆಯ ಕಡತದ ಒಂದು ಪ್ರತಿಯನ್ನು ತೆರೆದು, ಒಂದು ಸಾಲನ್ನು ಗುರುತಿಸಿ, ಫಾಂಟ್ ಪಟ್ಟಿಯಲ್ಲಿ ನಿರ್ಮಲಾ ಯುಐ ಎಂಬುದನ್ನು ಆರಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಚಿಂತೆಯಿಲ್ಲ. ಸಾಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಕಲಸುಮೇಲೋಗರವಾದರೆ, ಅದು ಹಳೆಯ ಆಸ್ಕಿ ವಿಧಾನದಲ್ಲಿ ಟೈಪಾಗಿದೆ ಎಂದರ್ಥ. ಆ ವಿಧಾನದಲ್ಲಿ ಕಂಪ್ಯೂಟರ್‌ನೊಳಗೆ ಇರುವುದು ಇಂಗ್ಲಿಷ್‌ಗೆ ಮೀಸಲಾದ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸುವುದು ಆ ಫಾಂಟಿನ ಕೆಲಸ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹೊದಿಕೆ ಕಳಚಿಬೀಳುತ್ತದೆ. ಯೂನಿಕೋಡ್‌ನಲ್ಲಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ, ಹೀಗಾಗಿ ಹುಡುಕಬಹುದು, ಇಮೇಲ್‌ನಲ್ಲಿ ಅಂಟಿಸಬಹುದು, ಮೊಬೈಲ್‌ನಲ್ಲಿ ಓದಬಹುದು. ಬಾಕಿದಾರರ ಹೆಸರನ್ನು ಕಂಟ್ರೋಲ್ ಮತ್ತು ಎಫ್ ಒತ್ತಿ ಹುಡುಕುವ ಅನುಕೂಲವೊಂದಕ್ಕಾಗಿಯಾದರೂ ಯೂನಿಕೋಡ್‌ಗೆ ಬರಬೇಕು.

ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿಯೂ, ‘ಬರಹ’ ಎಂಬ ಇನ್ನೊಂದು ತಂತ್ರಾಂಶದಲ್ಲಿಯೂ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವಿದೆ. ಪರಿವರ್ತನೆ ಆದ ಮೇಲೆ ಸಾಲು ಬಿಡದೆ ಓದಿ ತಿದ್ದಬೇಕು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಕಡತದ ನಡುವೆ ಇಂಗ್ಲಿಷ್‌ನಲ್ಲಿ ಬರೆದ ಬ್ಯಾಂಕ್ ಖಾತೆಯ ವಿವರವೋ, ನಿವೇಶನದ ಸಂಖ್ಯೆಯೋ ಇದ್ದರೆ ಪರಿವರ್ತಕವು ಅದನ್ನೂ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡುತ್ತದೆ. ಮೂಲ ಕಡತವನ್ನು ಯಾವ ಕಾರಣಕ್ಕೂ ಅಳಿಸಬೇಡಿ.

ಕೀಲಿಮಣೆಯ ವಿಚಾರ. ನೀವು ಬೆರಳಚ್ಚು ಕಲಿತವರಾದ್ದರಿಂದ ಲಿಪ್ಯಂತರಣಕ್ಕೆ, ಅಂದರೆ ಇಂಗ್ಲಿಷ್ ಕಾಗುಣಿತದಲ್ಲಿ ಯೋಚಿಸಿ ಕನ್ನಡವನ್ನು ಪಡೆಯುವ ವಿಧಾನಕ್ಕೆ ಹೋಗಬೇಡಿ ಎಂದು ನನ್ನ ಸಲಹೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆ ನಮ್ಮ ವರ್ಣಮಾಲೆಯ ನಡಿಗೆಗೆ ಹೊಂದುತ್ತದೆ. ಅಲ್ಲಿ ವ್ಯಂಜನಗಳನ್ನು ಬರೆದು, ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಒತ್ತಿದರೆ ಸಾಕು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಒಟ್ಟು 5 ಒತ್ತು. ‘ಅಕ್ಷರ’ಕ್ಕೆ ಎ, ಕೆ, ಎಫ್, ಎಕ್ಸ್, ಆರ್, ಅದೂ 5. ದಿನಕ್ಕೆ 20 ನಿಮಿಷ ಅಭ್ಯಾಸ ಮಾಡಿದರೆ ಒಂದು ತಿಂಗಳಲ್ಲಿ ಕೀಲಿಮಣೆಯನ್ನು ನೋಡುವ ಅಗತ್ಯ ಬೀಳುವುದಿಲ್ಲ. ವಿಂಡೋಸ್‌ನಲ್ಲಿ ಮೊದಲಿನಿಂದ ಬರುವ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಅದೂ ಒಳ್ಳೆಯದೇ. ಎರಡರಲ್ಲಿ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಿ.

ಕನ್ನಡಕ್ಕೆ ಮಾತ್ರ ಸಂಬಂಧಿಸಿದ ಎರಡು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ಇಂಗ್ಲಿಷ್ ಪಾಠಗಳಲ್ಲಿ ಇವು ಸಿಗುವುದಿಲ್ಲ. ಸಾಲುಗಳ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂದು ಇಟ್ಟು ಕಡಿಮೆ ಪಾಯಿಂಟ್ ಕೊಟ್ಟರೆ ನಮ್ಮ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಒಮ್ಮೆ ನಾನು ಸಿದ್ಧಪಡಿಸಿದ ಆಹ್ವಾನಪತ್ರದಲ್ಲಿ ‘ಪ್ರಾರ್ಥನೆ’ಯ ರ ಒತ್ತು ಅರ್ಧ ಮಾಯವಾಗಿದ್ದನ್ನು ಮುದ್ರಣವಾದ ಮೇಲೆ ನೋಡಿ ಬಹಳ ನೊಂದುಕೊಂಡೆ. ‘ಸಿಂಗಲ್’ ಅಥವಾ ‘ಮಲ್ಟಿಪಲ್’ ಎಂದೇ ಇಡಿ. ಎರಡನೆಯದಾಗಿ, ವರ್ಡ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿನಲ್ಲಿ ಇಟ್ಟಿದೆ. ಕಂಟ್ರೋಲ್ ಮತ್ತು ಡಿ ಒತ್ತಿದಾಗ ತೆರೆಯುವ ಫಾಂಟ್ ಪೆಟ್ಟಿಗೆಯಲ್ಲಿ ಇಂಗ್ಲಿಷ್‌ಗೆ ಒಂದು ಫಾಂಟ್ ಮತ್ತು ಗಾತ್ರ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಎಂಬಲ್ಲಿ ಇನ್ನೊಂದು ಫಾಂಟ್ ಮತ್ತು ಗಾತ್ರ ಇರುತ್ತದೆ. ಇಂಗ್ಲಿಷ್ ಪದಗಳು ಮಾತ್ರ ದೊಡ್ಡದಾಗಿ ಕನ್ನಡ ಹಾಗೆಯೇ ಉಳಿದರೆ ಅಲ್ಲಿ ಹೋಗಿ ನೋಡಿ.

ಉತ್ತರ 3: ಕಂಪ್ಯೂಟರ್ ಬೋಧಕ, ವಿಜಯನಗರ

ನಾನು ಇಂತಹ ತರಗತಿಗಳನ್ನು ನಡೆಸುವವನು, ಆದ್ದರಿಂದ ಕೋರ್ಸ್ ಕುರಿತ ನಿಮ್ಮ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ಪ್ರಮಾಣಪತ್ರ ಬೇಕಾದವರಿಗೆ ಕೋರ್ಸ್ ಅಗತ್ಯವಾಗಬಹುದು. ರಾಜ್ಯ ಸರ್ಕಾರಿ ನೌಕರರಿಗಾದರೆ 2012ರ ನಿಯಮಗಳಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಇದೆ. ನಿಮ್ಮ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ. ಬೆರಳಚ್ಚು ಬಲ್ಲ ನೀವು ಮೇಲಿನ ಇಬ್ಬರು ಹೇಳಿದ್ದನ್ನು ಮಾಡಿದರೆ ನನ್ನ ತರಗತಿಯ ಮೊದಲ ತಿಂಗಳನ್ನು ದಾಟಿದಂತೆಯೇ.

ಆದರೂ ಸೇರಬೇಕೆನಿಸಿದರೆ, ಹಣ ಕಟ್ಟುವ ಮುನ್ನ ಯಾವ ಆವೃತ್ತಿಯಲ್ಲಿ ಕಲಿಸುತ್ತಾರೆ ಎಂದು ಕೇಳಿ. 2007ರ ಆವೃತ್ತಿಯಲ್ಲಿ ವರ್ಡ್‌ನ ಮುಖವೇ ಬದಲಾಯಿತು. ಹಳೆಯ ಮೆನುಗಳು ಹೋಗಿ ಮೇಲ್ಭಾಗದಲ್ಲಿ ಈಗಿನ ಗುಂಡಿಗಳ ಪಟ್ಟಿ ಬಂದಿತು, ಕಡತದ ರೂಪವೂ ಡಾಕ್‌ನಿಂದ ಡಾಕ್ಸ್‌ಗೆ ಬದಲಾಯಿತು. ಅದಕ್ಕಿಂತ ಹಿಂದಿನ ಟಿಪ್ಪಣಿಗಳನ್ನು ಹಿಡಿದು ಪಾಠ ಮಾಡಿದರೆ ನಿಮ್ಮ ಸಮಯ ಹಾಳು. ಕನ್ನಡದಲ್ಲಿ ಅಭ್ಯಾಸ ಮಾಡಿಸುತ್ತಾರೆಯೇ, ನಿಮ್ಮ ಕಚೇರಿಯದೇ ಪತ್ರವನ್ನು ತಂದು ಅದರ ಮೇಲೆ ಕೆಲಸ ಮಾಡಲು ಬಿಡುತ್ತಾರೆಯೇ ಎಂಬುದನ್ನೂ ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದಲೇ ಆ ಕೇಂದ್ರದ ಗುಣ ತಿಳಿಯುತ್ತದೆ.

ಮನೆಯ ಲ್ಯಾಪ್‌ಟಾಪ್‌ಗೆ ಲಿಬ್ರೆಆಫೀಸ್ ಹಾಕಿಕೊಳ್ಳಿ. ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಉಚಿತ ತಂತ್ರಾಂಶ ಅದು. ಅದರ ರೈಟರ್ ವಿಭಾಗದಲ್ಲಿ ಟ್ಯಾಬ್, ಇಂಡೆಂಟ್, ಸ್ಟೈಲ್ ಎಲ್ಲವೂ ಇವೆ. ಗುಪ್ತ ಗುರುತುಗಳನ್ನು ನೋಡಲು ಅಲ್ಲಿ ಕಂಟ್ರೋಲ್ ಮತ್ತು ಎಫ್10 ಒತ್ತಬೇಕು. ಟೂಲ್ಸ್, ಆಪ್ಷನ್ಸ್ ಒಳಗಿನ ಭಾಷೆಯ ವಿಭಾಗದಲ್ಲಿ ಸಂಕೀರ್ಣ ಲಿಪಿಯ ಆಯ್ಕೆಯನ್ನು ತೆರೆದು ಕನ್ನಡವನ್ನು ಆರಿಸಿ. ಕಡತವನ್ನು ಡಾಕ್ಸ್ ರೂಪದಲ್ಲಿ ಉಳಿಸಿದರೆ ಕಚೇರಿಯ ವರ್ಡ್‌ನಲ್ಲಿ ತೆರೆಯುತ್ತದೆ, ಆದರೆ ಸಾಲುಗಳು ಅಲ್ಪಸ್ವಲ್ಪ ಸರಿಯುವುದುಂಟು. ಆದ್ದರಿಂದ ಮನೆಯಲ್ಲಿ ಕಲಿಯಿರಿ, ಮುದ್ರಿಸುವ ಪ್ರತಿಯನ್ನು ಕಚೇರಿಯಲ್ಲಿಯೇ ಅಂತಿಮಗೊಳಿಸಿ.

ಬಾಕಿದಾರರ ಪಟ್ಟಿಯನ್ನು ಟ್ಯಾಬ್‌ನಿಂದಲೂ ಮಾಡಬೇಡಿ, ಟೇಬಲ್ ಹಾಕಿ. ಪಟ್ಟಿ ಎರಡನೆಯ ಪುಟಕ್ಕೆ ಹರಿದಾಗ ಹೆಸರು, ಸದಸ್ಯತ್ವ ಸಂಖ್ಯೆ, ಬಾಕಿ ಎಂಬ ಶೀರ್ಷಿಕೆಯ ಸಾಲು ಅಲ್ಲಿಯೂ ತಾನಾಗಿ ಬರಲು ‘ರಿಪೀಟ್ ಹೆಡರ್ ರೋಸ್’ ಎಂಬ ಗುಂಡಿ ಇದೆ. ಮೊತ್ತದ ಅಂಕಣವನ್ನು ಬಲಕ್ಕೆ ಒತ್ತಿಸಿ. ಬಿಡಿ ಸ್ಥಾನದ ಅಂಕಿ ಬಿಡಿ ಸ್ಥಾನದ ಕೆಳಗೆ, ಹತ್ತರ ಸ್ಥಾನದ್ದು ಹತ್ತರ ಸ್ಥಾನದ ಕೆಳಗೆ ಬರಬೇಕು. ಒಂದೇ ನೋಟಿಸನ್ನು ನೂರಾರು ಸದಸ್ಯರಿಗೆ ಅವರವರ ಹೆಸರು, ವಿಳಾಸಗಳೊಂದಿಗೆ ಕಳಿಸಲು ಮೇಲ್ ಮರ್ಜ್ ಎಂಬ ಸೌಲಭ್ಯವಿದೆ. ಟೇಬಲ್ ಚೆನ್ನಾಗಿ ಬಂದ ಮೇಲೆ ಅದನ್ನು ಕಲಿಯಿರಿ.

ಕಚೇರಿಗಳಲ್ಲಿ ನಾನು ಪದೇ ಪದೇ ಕಾಣುವ ಒಂದು ಅಪಾಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೊಸ ಪತ್ರ ಬರೆಯಬೇಕಾದಾಗ ಎಲ್ಲರೂ ಹಿಂದಿನ ಪತ್ರವನ್ನು ತೆರೆದು, ಅದರ ಮೇಲೆಯೇ ತಿದ್ದುತ್ತಾರೆ. ವಿಷಯ ಬದಲಾಗುತ್ತದೆ, ವಿಳಾಸ ಬದಲಾಗುತ್ತದೆ, ಉಲ್ಲೇಖದ ಸಂಖ್ಯೆ ಮಾತ್ರ ಹಿಂದಿನ ಪತ್ರದ್ದೇ ಉಳಿದುಬಿಡುತ್ತದೆ. ಅಭ್ಯಾಸಬಲದಿಂದ ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಹಿಂದಿನ ಪತ್ರವೇ ಅಳಿದುಹೋಗುತ್ತದೆ. ಇದನ್ನು ತಪ್ಪಿಸಲು, ಬಸವನಗುಡಿಯ ಹಿರಿಯರು ಹೇಳಿದ ರೀತಿಯಲ್ಲಿ ಕಟ್ಟಿದ ಪತ್ರದಿಂದ ಒಕ್ಕಣೆಯನ್ನೆಲ್ಲ ತೆಗೆದು, ಬರೀ ಚೌಕಟ್ಟನ್ನು ಎಫ್12 ಒತ್ತಿ ವರ್ಡ್ ಟೆಂಪ್ಲೇಟ್ ರೂಪದಲ್ಲಿ ಉಳಿಸಿ. ಮುಂದೆ ಆ ಟೆಂಪ್ಲೇಟಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದಾಗಲೆಲ್ಲ ಹೆಸರಿಲ್ಲದ ಹೊಸ ಪತ್ರ ತೆರೆಯುತ್ತದೆ, ಮೂಲ ಹಾಗೆಯೇ ಇರುತ್ತದೆ. ಕಡತಗಳಿಗೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಅಂಕಿಗಳನ್ನು ಮೊದಲು ಹಾಕಿ. ಆಗ ಅವು ಫೋಲ್ಡರ್‌ನಲ್ಲಿ ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಹೊರಗೆ ಕಳಿಸುವ ಪ್ರತಿಯನ್ನು ಪಿಡಿಎಫ್ ಮಾಡಿಯೇ ಕಳಿಸಿ.

ಮರುಪ್ರಶ್ನೆ: ಕಚೇರಿ ಸಹಾಯಕಿ, ರಾಜಾಜಿನಗರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಗುಪ್ತ ಗುರುತುಗಳನ್ನು ತೋರಿಸಿ ನನ್ನ ಹಳೆಯ ನೋಟಿಸನ್ನು ನೋಡಿದಾಗ ಮೊದಲ ಸಾಲಿನಲ್ಲಿಯೇ 61 ಚುಕ್ಕಿಗಳಿದ್ದವು. ಈಗ ಯೂನಿಕೋಡ್‌ನಲ್ಲಿ ಹೊಸ ಪತ್ರ ಕಟ್ಟಿದ್ದೇನೆ, ಟೆಂಪ್ಲೇಟ್ ಮಾಡಿಟ್ಟಿದ್ದೇನೆ. ನಿನ್ನೆ ಕಾರ್ಯದರ್ಶಿಯವರ ಎದುರಿನಲ್ಲಿಯೇ ಗಾತ್ರವನ್ನು 12ರಿಂದ 14ಕ್ಕೆ ಬದಲಿಸಿ ತೋರಿಸಿದೆ, ದಿನಾಂಕ ಅಲುಗಲಿಲ್ಲ. ಕೋರ್ಸ್‌ಗೆ ಸೇರುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ಎರಡು ತೊಡಕುಗಳು ಉಳಿದಿವೆ. ನಮ್ಮ ಕಂಪ್ಯೂಟರ್‌ನಲ್ಲಿ ಒಂದೇ ಪುಟದಲ್ಲಿ ಕಾಣುವ ನೋಟಿಸು ಮುದ್ರಿಸಿದಾಗ ಕೆಲವೊಮ್ಮೆ ‘ಕಾರ್ಯದರ್ಶಿ’ ಎಂಬ ಪದವೊಂದೇ ಎರಡನೆಯ ಪುಟಕ್ಕೆ ಹೋಗುತ್ತದೆ. ಇನ್ನೊಂದು, 14 ಪುಟಗಳ ನಡಾವಳಿಯಲ್ಲಿ ನಿರ್ಣಯಗಳ ಸಂಖ್ಯೆಯನ್ನು ಕೈಯಾರೆ ಹಾಕುತ್ತಿದ್ದೇನೆ. ನಡುವೆ ಒಂದು ನಿರ್ಣಯ ಸೇರಿದರೆ ಮುಂದಿನ ಎಲ್ಲವನ್ನೂ ತಿದ್ದಬೇಕಾಗುತ್ತದೆ.

ಉತ್ತರ 4: ನಿವೃತ್ತ ಬೆರಳಚ್ಚುಗಾರ, ಬಸವನಗುಡಿ

ಸಹೋದರಿ, ಬಹಳ ಸಂತೋಷವಾಯಿತು. ಜಯನಗರದ ಸಹೋದರಿ ಹೇಳಿದ ಕ್ರಮವೇ ಸರಿಯಾಗಿತ್ತು ಎಂದು ಒಪ್ಪುತ್ತೇನೆ. ಸಂಕೇತವನ್ನು ಸರಿಪಡಿಸಿಕೊಂಡ ಮೇಲೆ ಪತ್ರಕ್ಕೆ ಕೈಹಾಕಿದ್ದು ಒಳ್ಳೆಯದಾಯಿತು.

ಮೊದಲನೆಯದಕ್ಕೆ ಲೇಔಟ್ ಪಟ್ಟಿಯಲ್ಲಿ ಕಾಗದದ ಅಳತೆಯನ್ನು ನೋಡಿ. ಅಲ್ಲಿ ಎ4 ಬದಲು ಲೆಟರ್ ಎಂದಿರುವ ಸಾಧ್ಯತೆ ಇದೆ, ಅಥವಾ ಪ್ರಿಂಟರ್‌ನಲ್ಲಿ ಹಾಗೆ ಇರಬಹುದು. ಎ4ನ ಎತ್ತರ 297 ಮಿಲಿಮೀಟರ್, ಲೆಟರ್‌ನ ಎತ್ತರ ಸುಮಾರು 279. ಆ 18 ಮಿಲಿಮೀಟರ್‌ನಲ್ಲಿ ಕನ್ನಡದ ಎರಡು ಮೂರು ಸಾಲುಗಳು ಹಿಡಿಯುತ್ತವೆ, ಅಷ್ಟು ಜಾಗ ಕಡಿಮೆಯಾದರೆ ಕೊನೆಯ ಪದ ಮುಂದಿನ ಪುಟಕ್ಕೆ ಹೋಗುತ್ತದೆ. ಎರಡೂ ಕಡೆ ಎ4 ಮಾಡಿ. ಜೊತೆಗೆ, ಕೊನೆಯ ಪ್ಯಾರಾದಿಂದ ‘ತಮ್ಮ ವಿಶ್ವಾಸಿ’ಯವರೆಗೆ ಗುರುತಿಸಿ, ಪ್ಯಾರಾಗ್ರಾಫ್ ಪೆಟ್ಟಿಗೆಯ ಎರಡನೆಯ ಪುಟದಲ್ಲಿ ‘ಕೀಪ್ ವಿತ್ ನೆಕ್ಸ್ಟ್’ ಎಂಬುದಕ್ಕೆ ಗುರುತು ಹಾಕಿ. ಪುಟ ತುಂಬಿದರೂ ಸಹಿಯ ಭಾಗ ಒಂಟಿಯಾಗಿ ಹೋಗುವುದಿಲ್ಲ, ಒಕ್ಕಣೆಯ ಕೊನೆಯ ಪ್ಯಾರಾವನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ. ಒಕ್ಕಣೆಯೇ ಇಲ್ಲದ ಹಾಳೆಯ ಮೇಲೆ ಸಹಿ ಮಾತ್ರ ಇರುವುದು ಯಾವ ಕಚೇರಿಗೂ ಕ್ಷೇಮವಲ್ಲ, ಆದ್ದರಿಂದ ಇದನ್ನು ಟೆಂಪ್ಲೇಟಿನಲ್ಲಿಯೇ ಸೇರಿಸಿಬಿಡಿ.

ನಿರ್ಣಯಗಳಿಗೆ ತಾನಾಗಿ ಬರುವ ಸಂಖ್ಯೆಯನ್ನು ಬಳಸಿ. ನಂಬರಿಂಗ್ ಗುಂಡಿಯ ಪಕ್ಕದ ಬಾಣವನ್ನು ಒತ್ತಿ, ಹೊಸ ಸಂಖ್ಯಾರೂಪವನ್ನು ರಚಿಸುವ ಆಯ್ಕೆಗೆ ಹೋದರೆ ಬೂದುಬಣ್ಣದಲ್ಲಿ ಒಂದು ಅಂಕಿ ಕಾಣುತ್ತದೆ. ಅದನ್ನು ಅಳಿಸದೆ, ಅದರ ಮುಂಚೆ ‘ನಿರ್ಣಯ ಸಂಖ್ಯೆ’ ಎಂದು ಬರೆಯಿರಿ. ನಡುವೆ ಎಷ್ಟು ನಿರ್ಣಯಗಳು ಸೇರಿದರೂ ಮುಂದಿನವು ತಾವೇ ಬದಲಾಗುತ್ತವೆ. ಆದರೆ ಸಭೆ ಮುಗಿದು ಅಧ್ಯಕ್ಷರ ಸಹಿಯಾದ ಮೇಲೆ ಆ ಸಂಖ್ಯೆಗಳು ಬದಲಾಗಕೂಡದು. ಬ್ಯಾಂಕಿಗೂ ಇಲಾಖೆಗೂ ನೀವು ಬರೆಯುವ ಪತ್ರಗಳ ಉಲ್ಲೇಖದಲ್ಲಿ ಅವೇ ಸಂಖ್ಯೆಗಳು ಹೋಗಿರುತ್ತವೆ. ಆದ್ದರಿಂದ ಸಹಿಗೆ ಕಳಿಸುವ ದಿನವೇ ಪಿಡಿಎಫ್ ಮಾಡಿ ಪ್ರತ್ಯೇಕ ಫೋಲ್ಡರ್‌ನಲ್ಲಿಡಿ, ಮುದ್ರಿಸುವುದು ಆ ಪ್ರತಿಯಿಂದಲೇ ಇರಲಿ.